ಅಪ್ಪಿಯಕ್ಕನ ಕೊಕ್ಕೆ ತಂದವರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಕತೆಗಳನ್ನು ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೂಡಬಿದಿರೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ, ವಿಜ್ಞಾನ ಕಲಿಸಿಕೊಂಡಿದ್ದವನು ನಾನು. ಯಾರಾದರೂ ‘ನಾನು ಕಣ್ಣಾರೆ ಕಂಡದ್ದು’ ಎಂದು ಶುರುಮಾಡಿದರೆ ಸಾಕು, ಎಷ್ಟು ಗಂಟೆಗೆ, ಎಷ್ಟು ದೂರದಿಂದ, ಆ ದಿನ ಹೊಟ್ಟೆಗೆ ಏನು ಹಾಕಿಕೊಂಡಿದ್ದಿರಿ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಊರಿನ ಭೂತಕೋಲಕ್ಕೆ ಹೋಗುತ್ತಿದ್ದೆ, ಗಂಧಪ್ರಸಾದ ತೆಗೆದುಕೊಳ್ಳುತ್ತಿದ್ದೆ. ಅದು ಊರಿನ ಮರ್ಯಾದೆ, ನಂಬಿಕೆಯ ವಿಚಾರ ಬೇರೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನೀವು ಹೇಳಿ ನಾನು ಕೇಳುವವನಾಗಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಊರಿನ ಕೆಳಗಿನ ಕೇರಿಯಲ್ಲಿ ಆಗಲೂ ಮುಳಿಹುಲ್ಲಿನ ಮನೆಗಳೇ ಹೆಚ್ಚು. ಹುಲ್ಲಿನ ಮನೆಗೆ ಬೆಂಕಿ ಬಿದ್ದರೆ ಆ ಮನೆಯನ್ನು ಉಳಿಸಲಿಕ್ಕೆ ಆಗುವುದಿಲ್ಲ. ಉಳಿಸಬೇಕಾದದ್ದು ಪಕ್ಕದ ಮನೆಯನ್ನು. ಎರಡಾಳುದ್ದದ ಬಿದಿರಿನ ತುದಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಕಿಡಿ ಹಾರಿ ಬರುವ ಮೊದಲೇ ಪಕ್ಕದ ಮನೆಯ ಮಾಡಿನ, ಅಂದರೆ ಸೂರಿನ, ಹುಲ್ಲನ್ನೆಲ್ಲ ಎಳೆದು ಕೆಡವಬೇಕು. ಬೆಂಕಿಗೆ ಮುಂದೆ ಹೋಗಲು ದಾರಿ ಸಿಗಬಾರದು. ಈ ಕೆಲಸದಲ್ಲಿ ಪಳಗಿದವರಿಗೆ ‘ಕೊಕ್ಕೆಯವರು’ ಎಂದೇ ಹೆಸರು. ಅವರಿಗೆ ಸಂಬಳವಿಲ್ಲ, ಸಮವಸ್ತ್ರವಿಲ್ಲ. ಜಾತಿಭೇದವೂ ಇರಲಿಲ್ಲ, ಯಾಕೆಂದರೆ ಮಾಡು ಹತ್ತಿ ಉರಿಯುವಾಗ ಯಾರೂ ಜಾತಿ ಕೇಳುವುದಿಲ್ಲ. ಒಂದು ಕಟ್ಟಳೆ ಮಾತ್ರ ಇತ್ತು: ಕೊಕ್ಕೆ ಹಾಕಿ ಯಾರ ಮಾಡು ಎಳೆದರೋ ಅವರ ಮನೆಗೆ ಮರುದಿನ ಇಡೀ ಊರು ಸೇರಿ ಹುಲ್ಲು ಹೊದಿಸಬೇಕು. ಅದಾಗುವವರೆಗೆ ಬೇರೆ ಕೆಲಸವಿಲ್ಲ. ನಮ್ಮ ಹಿರಿಯರು ಹೀಗೆ ಎಷ್ಟು ಬೇಸಿಗೆಗಳಲ್ಲಿ ಈ ಊರನ್ನು ಉಳಿಸಿದರೋ, ಲೆಕ್ಕ ಇಟ್ಟವರಿಲ್ಲ.

ಒಂದು ದಿನ ನಾನು ಮತ್ತು ಇದಿನಬ್ಬ ದಾರಿಯಲ್ಲಿ ಬರುತ್ತಿದ್ದೆವು. ಇದಿನಬ್ಬನದು ಪೇಟೆಯಲ್ಲಿ ಸೈಕಲ್ ಅಂಗಡಿ, ನನಗೆ ಸಣ್ಣಂದಿನಿಂದ ಗೆಳೆಯ. ಒಂದು ಮನೆಯ ಹಿತ್ತಿಲಿನ ಬಸಳೆ ಚಪ್ಪರಕ್ಕೆ ಆಸರೆಯಾಗಿ ಹಳೆಯ ಬೆಂಕಿಕೊಕ್ಕೆಯೊಂದನ್ನು ನೆಟ್ಟಿದ್ದರು. ನೋಡಿ ನನಗೆ ಪಿತ್ತ ನೆತ್ತಿಗೇರಿತು. ಎಷ್ಟೋ ಮನೆಗಳನ್ನು ಉಳಿಸಿದ ಕಬ್ಬಿಣ ಇಲ್ಲಿ ಬಸಳೆ ಹೊತ್ತು ನಿಂತಿದೆ ಎಂದು ರಸ್ತೆಯಲ್ಲೇ ಭಾಷಣ ಶುರುಮಾಡಿದೆ. ಇದಿನಬ್ಬ ಎಲ್ಲವನ್ನೂ ಕೇಳಿ, “ಮಾಸ್ಟ್ರೆ, ಭಾಷಣ ಬಸಳೆಗೆ ಅರ್ಥ ಆಗುದಿಲ್ಲ. ಎಂಥಾದ್ರೂ ಮಾಡುವ” ಅಂದ. ಬೆಂಕಿ ಆರಿಸುವ ಹಳೆಯ ಸಾಮಾನುಗಳ ನಮ್ಮ ಮ್ಯೂಸಿಯಮ್ಮಿಗೆ ಅಡಿಗಲ್ಲು ಬಿದ್ದದ್ದು ಅಲ್ಲಿ.

ಎರಡು ವರ್ಷ ನಾವು ಭಾನುವಾರ ಎಂದರೆ ಏನೆಂದೇ ತಿಳಿಯದೆ ತಿರುಗಿದೆವು. ಇದಿನಬ್ಬನ ಅಂಗಡಿಯ ಸೈಕಲ್ಲುಗಳು, ನನ್ನ ಬಾಯಿ, ಇವೆರಡೇ ಬಂಡವಾಳ. ಬಂಟ್ವಾಳ ಪೇಟೆಯ ಒಬ್ಬ ಜವಳಿ ವ್ಯಾಪಾರಿಯ ಅಟ್ಟದಿಂದ ಹಿತ್ತಾಳೆಯ ದೊಡ್ಡ ಪಿಚಕಾರಿ ಸಿಕ್ಕಿತು, ಇಬ್ಬರು ಹಿಡಿದು ಒತ್ತಬೇಕು. ಬೆಳ್ತಂಗಡಿಯಿಂದ ಒಂದು ಕಂಚಿನ ಜಾಗಟೆ ಬಂತು, ಬೆಂಕಿ ಬಿದ್ದಾಗ ಮಾತ್ರ ಬಡಿಯುತ್ತಿದ್ದದ್ದು. ಮುಂಡಾಜೆಯಲ್ಲಿ ಒಬ್ಬಾಕೆ ತೊಗಲಿನ ಬಾಲ್ದಿಯನ್ನು ಕೋಳಿಯನ್ನು ಕಾವಿಗೆ ಕೂರಿಸಲು ಇಟ್ಟಿದ್ದರು. ಮೊಟ್ಟೆ ಒಡೆದು ಮರಿಗಳು ಬರುವವರೆಗೆ ಕಾಯಿಸಿ, ಮೂರನೆಯ ಸಲ ಹೋದಾಗ ಕೊಟ್ಟರು. ಅಕ್ಕಿ ವ್ಯಾಪಾರಿ ಜಿನರಾಜಣ್ಣ ಪೇಟೆಯ ತಮ್ಮ ಹಳೆಯ ಗೋದಾಮನ್ನು ಬಿಟ್ಟುಕೊಟ್ಟರು. ಕಮ್ಮಾರ ಬಾಬು ಆಚಾರಿ ಬಾಗಿಲಿಗೆ ಒಂದು ಬೀಗ ಮಾಡಿಕೊಟ್ಟರು. ಒಂದೇ ಬೀಗದ ಕೈ. ಇನ್ನೊಂದು ಮಾಡಿಕೊಡಿ ಎಂದರೆ ಆಚಾರಿಗೆ ಅವಮಾನ. “ಎರಡು ಕೀ ಇರುವ ಬೀಗ ಬೀಗವಾ ಮಾಸ್ಟ್ರೆ?” ಅಂದರು. ಅದನ್ನು ನಾನು ಉಡಿದಾರಕ್ಕೆ ಕಟ್ಟಿಕೊಂಡೆ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಹೆಮ್ಮೆ ಎಂದರೆ ನಮಗೆ ನೆಲ ಕಾಣುತ್ತಿರಲಿಲ್ಲ. ಬೆಂಕಿ ಆರಿಸುವ ಸಾಮಾನುಗಳಿಗೇ ಒಂದು ಮ್ಯೂಸಿಯಮ್, ಅದೂ ಸರಕಾರದ ಒಂದು ಕಾಗದವಿಲ್ಲದೆ, ನಾಲ್ಕು ಜನ ಸಾಮಾನ್ಯರು ಸೇರಿ ಮಾಡಿದ್ದು. ಬೇರೆಲ್ಲೋ ಇಂಥದ್ದು ಉಂಟೆಂದು ಯಾರಾದರೂ ಹೇಳಿದ್ದರೂ ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪೋಸ್ಟು ಕಾರ್ಡುಗಳನ್ನು ಕತ್ತರಿಸಿ ಪ್ರತಿಯೊಂದು ವಸ್ತುವಿಗೂ ನಾನೇ ಚೀಟಿ ಬರೆದು ಸಣಬಿನ ದಾರದಲ್ಲಿ ಕಟ್ಟಿದೆ: ಯಾರು ಕೊಟ್ಟದ್ದು, ಯಾರು ಬಳಸಿದ್ದು, ಯಾವ ಊರು. ನನ್ನ ಅಕ್ಷರ ದುಂಡಗಿದೆ ಎಂದು ಶಾಲೆಯಲ್ಲಿ ಹೆಸರಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಆ ಚೀಟಿಗಳನ್ನು ಗುರುತು ಹಿಡಿಯಲು ನನಗೆ ಕಷ್ಟವಾಗಲಿಲ್ಲ ಎಂಬುದಕ್ಕೆ ಹೇಳುತ್ತಿದ್ದೇನೆ.

ಇನ್ನು ನಮ್ಮ ಬುದ್ಧಿವಂತಿಕೆ ಕೇಳಿ. ಉದ್ಘಾಟನೆಗೆ ಗೊತ್ತುಮಾಡಿದ್ದು ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ. ಬಿಸಿಲು ಏರುವ ಕಾಲ, ಮಾಡಿನ ಹುಲ್ಲು ಹಪ್ಪಳದ ಹಾಗೆ ಒಣಗುವ ಕಾಲ. ಗೋದಾಮಿನ ಒಂದು ಗೋಡೆ ಬೋಳಾಗಿ ಕಾಣುತ್ತದೆಂದು, ನಮ್ಮದೇ ಕೇರಿಯ ಕೊಕ್ಕೆಗಳನ್ನು ಸಾಲಾಗಿ ನಿಲ್ಲಿಸಿದರೆ ಚಂದ ಎಂದು ನನಗೆ ಹೊಳೆಯಿತು. ಕೇರಿಯಲ್ಲಿ ಗಟ್ಟಿಯಾಗಿ ಉಳಿದದ್ದು ಆರು ಕೊಕ್ಕೆ. ಆರನ್ನೂ ಮನೆಮನೆಗೆ ಹೋಗಿ ಕೇಳಿ ತಂದು, ಒಳಗಿಟ್ಟು ಬೀಗ ಹಾಕಿದೆವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಕತೆ ಗಾದೆಯಲ್ಲುಂಟು. ಬೆಂಕಿ ಬೀಳುವ ಮೊದಲೇ ಬಾವಿ ಮುಚ್ಚಿದವರು ನಾವೇ ಇರಬೇಕು. ಆಗ ನಮ್ಮಲ್ಲಿ ಯಾರಿಗೂ ಅದು ತಲೆಗೆ ಹೋಗಲಿಲ್ಲ.

ಹೋದದ್ದು ಒಬ್ಬರಿಗೆ ಮಾತ್ರ. ಅಪ್ಪಿಯಕ್ಕ ಬೀಡಿ ಕಟ್ಟಿ ಬದುಕುತ್ತಿದ್ದ ವಿಧವೆ. ಅವರ ಗಂಡ ಕೊರಗಪ್ಪಣ್ಣ ಊರಿನ ಕೊಕ್ಕೆಯವರಲ್ಲೆಲ್ಲ ಗಟ್ಟಿಗ ಎಂದು ಹೆಸರಾದವರು. ಮನೆಯಲ್ಲಿದ್ದದ್ದು ಅಪ್ಪಿಯಕ್ಕ ಮತ್ತು ಸೊಂಟ ಬಿದ್ದು ಮಲಗಿದಲ್ಲೇ ಇದ್ದ ಅತ್ತೆ, ಇಬ್ಬರೇ. ನಾನು ಕೊಕ್ಕೆ ಕೇಳಲು ಹೋದಾಗ ಅಪ್ಪಿಯಕ್ಕ ಮಡಿಲಿನ ಬೀಡಿ ಮೊರವನ್ನು ಬದಿಗಿಡಲೂ ಇಲ್ಲ.

“ಕೊಕ್ಕೆ ಕೊಡ್ಲಿಕ್ಕೆ ಬೇಜಾರಿಲ್ಲ ಮಾಸ್ಟ್ರೆ. ನಾಳೆ ಬೆಂಕಿ ಬಿದ್ರೆ ನಾನು ಎಂಥ ಮಾಡುದು? ಅತ್ತೆಯನ್ನು ಎತ್ತಿ ಓಡ್ಲಿಕ್ಕೆ ನನ್ನಿಂದ ಆಗ್ತದಾ?”

ನನಗೆ ಇನ್ನೂ ಎರಡು ಮನೆಗಳಿಗೆ ಹೋಗಲಿಕ್ಕಿತ್ತು, ಬಿಸಿಲು ಬೇರೆ. “ಬೆಂಕಿ ಬಿದ್ರೆ ನಾನೇ ಹೊತ್ತು ತರ್ತೇನೆ ಅಕ್ಕ, ನಿಮ್ಮ ಕೈಗೇ ಕೊಡ್ತೇನೆ” ಅಂದೆ.

“ನೀವೇ ತರ್ತೀರಾ?”

“ನಾನೇ.”

ಅವರು ಮೊರ ಬದಿಗಿಟ್ಟು ಎದ್ದು, ಮಾಡಿನ ಅಡಿಯಿಂದ ಕೊಕ್ಕೆ ತೆಗೆದುಕೊಟ್ಟರು. ನಾನು ಅದನ್ನು ಹೆಗಲಿಗೇರಿಸಿ ಅಂಗಳ ದಾಟುವಷ್ಟರಲ್ಲಿ ಕೊಟ್ಟ ಮಾತನ್ನು ಮರೆತಿದ್ದೆ. ಮರೆತಿದ್ದೆ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಮಕ್ಕಳಿಗೆ ನಾಳೆ ಕತೆ ಹೇಳುತ್ತೇನೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇವಲ್ಲ, ನನ್ನ ಪಾಲಿಗೆ ಅಷ್ಟೇ ಆಗಿತ್ತು ಅದು.

ಉದ್ಘಾಟನೆಯ ಹಿಂದಿನ ದಿನ, ಶನಿವಾರ. ವೇಣೂರಿನ ಒಂದು ಹಳೆಯ ಜೈನ ಮನೆತನದಲ್ಲಿ ಹಿತ್ತಾಳೆಯ ಕೈಪಂಪು ಇದೆ, ಕೊಡುತ್ತಾರೆ ಎಂದು ಜಿನರಾಜಣ್ಣ ಮಾತಾಡಿ ಇಟ್ಟಿದ್ದರು. ಹೋಗಿ ತನ್ನಿ ಎಂದು ಜಿನರಾಜಣ್ಣ ನನಗೆ ಹೇಳಿಕಳುಹಿಸಿದ್ದು ಆ ದಿನ ಬೆಳಿಗ್ಗೆ. ಹೇಳಿಕಳುಹಿಸಿ ತಾವು ವ್ಯಾಪಾರಕ್ಕೆಂದು ಬಂಟ್ವಾಳಕ್ಕೆ ಹೋದರು. ನಾನು ಬೆಳಗಿನ ಶಾಲೆ ಮುಗಿಸಿ, ಬೇರೆ ಯಾರಿಗೂ ಹೇಳದೆ, ಸೀದಾ ಹೋಗಿ ಮಧ್ಯಾಹ್ನದ ಬಸ್ಸು ಹಿಡಿದೆ. ಬೀಗದ ಕೈ ಉಡಿದಾರದಲ್ಲೇ ಇತ್ತು.

ವೇಣೂರಿನ ಹಿರಿಯರು ಎಪ್ಪತ್ತು ದಾಟಿದವರು, ಬಹಳ ಶಿಸ್ತಿನ ಮನುಷ್ಯ. ಊಟ ಮಾಡಿಸದೆ ಬಿಡಲಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಕೂರಿಸಿ ಪಂಪಿನ ಚರಿತ್ರೆ ಹೇಳತೊಡಗಿದರು. ಅವರ ತಂದೆ ಅದನ್ನು ಘಟ್ಟದ ಮೇಲಿನ ಒಬ್ಬ ದೊರೆಯಿಂದ ಕೊಂಡದ್ದಂತೆ. ಬೆಂಕಿಗೆ ಒಮ್ಮೆಯೂ ಬಳಸಲಿಲ್ಲವಂತೆ, ವೀಳ್ಯದೆಲೆಯ ತೋಟಕ್ಕೆ ಮಾತ್ರ. ನಾನು ಮಾತಿಗೆ ಹಿಂದೆ ಬೀಳುವವನಲ್ಲ, ನಮ್ಮ ಮ್ಯೂಸಿಯಮ್ಮಿನ ಚರಿತ್ರೆ ಶುರುಮಾಡಿದೆ. ಹೀಗೆ ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಕೇಳದೆ ಬಹಳ ಸಂತೋಷವಾಗಿದ್ದೆವು.

ಗಂಟೆ ಮೂರಾಗುತ್ತಾ ಬಂದಿತ್ತು. ಜಗಲಿಯ ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು, ಆದ್ದರಿಂದ ಹೊತ್ತಿನ ಬಗ್ಗೆ ನನಗೆ ಸಂಶಯವಿಲ್ಲ. ಏನೋ ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಗಂಟಲು ಒಣಗಿತು. ಎದೆ ಹೊಡೆದುಕೊಳ್ಳಲು ಶುರುವಾಯಿತು. ಕುಳಿತಲ್ಲೇ ಏದುಸಿರು ಬಂದು ಮೈಯೆಲ್ಲ ಬೆವರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನೋವಿಲ್ಲ, ಹೆದರಿಕೆಯಿಲ್ಲ. ಏರು ದಾರಿಯಲ್ಲಿ ಭಾರ ಹೊತ್ತು ಓಡಿದವನಿಗೆ ಆಗುವುದು ಹೇಗೋ ಹಾಗೆ, ಅಷ್ಟೇ. ಹಿರಿಯರು ಮಾತು ನಿಲ್ಲಿಸಿ, “ಏನಾಯಿತು ಮಾಸ್ಟ್ರೆ, ಎಲ್ಲಿಂದಲೋ ಓಡಿ ಬಂದವರ ಹಾಗೆ ಉಸಿರು ಬಿಡ್ತಿದ್ದೀರಲ್ಲ?” ಎಂದು ಕೇಳಿದರು. ಒಳಗಿಂದ ಬೆಲ್ಲ, ನೀರು ತರಿಸಿದರು. ಮೂರು ಚೆಂಬು ನೀರು ಕುಡಿದೆ. ಹತ್ತು ಹದಿನೈದು ನಿಮಿಷ ಒಂದು ಶಬ್ದವೂ ಹೊರಡಲಿಲ್ಲ. ಆಮೇಲೆ ಬಂದ ಹಾಗೆಯೇ ಹೋಯಿತು. ಅವರ ಮನೆಯ ಮಾವಿನಕಾಯಿ ಗೊಜ್ಜನ್ನು ಜಾಸ್ತಿ ಹಾಕಿಸಿಕೊಂಡದ್ದರ ಫಲ ಎಂದು ತೀರ್ಮಾನಿಸಿದೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಂದವರು ಹೊರಡುವ ಮೊದಲು ಒಂದು ಉದ್ದದ ಪುಸ್ತಕದಲ್ಲಿ ಹೆಸರು ಬರೆದು, ಗಡಿಯಾರ ನೋಡಿ ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ಬರೆಯಬೇಕು. ಹಿರಿಯರು ಪಕ್ಕದಲ್ಲಿ ನಿಂತು ನೋಡುತ್ತಾರೆ, ಐದು ನಿಮಿಷದ ವ್ಯತ್ಯಾಸವಿದ್ದರೂ ತಿದ್ದಿಸುತ್ತಾರೆ. ನಾನು ಬಂದದ್ದು ಒಂದೂವರೆ, ಹೊರಟದ್ದು ನಾಲ್ಕಕ್ಕೆ ಹತ್ತು ನಿಮಿಷ ಎಂದು ಬರೆದು ಸಹಿ ಹಾಕಿದೆ. ಪಂಪನ್ನು ಅವರ ಆಳು ಬಸ್ಸಿನ ಮೇಲೆ ಏರಿಸಿಕೊಟ್ಟ.

ಐದೂವರೆಗೆ ಮೂಡಬಿದಿರೆಯಲ್ಲಿ ಇಳಿದಾಗ ಒದ್ದೆ ಬೂದಿಯ ವಾಸನೆ ಮೂಗಿಗೆ ಬಡಿಯಿತು. ಪಂಪನ್ನು ಹೇಗೋ ಹೆಗಲಿಗೇರಿಸಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಇದಿನಬ್ಬ ಎದುರಾದ. ಅವನ ಮುಖ, ಅಂಗಿ ಎಲ್ಲ ಮಸಿ.

“ಎಲ್ಲಿಗೆ ಹೋದ್ರಿ ಮಾರಾಯ್ರೆ? ನಿಮ್ಮನ್ನು ಹುಡುಕಿ ಹುಡುಕಿ ಸಾಕಾಯ್ತು. ಕೊಕ್ಕೆ ಕೊಟ್ಟು ಮಾಯ ಆದ್ರಲ್ಲ!”

ಅವನು ಯಾವ ಕೊಕ್ಕೆಯ ಮಾತಾಡುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ. ಕೇಳಿದರೆ, ಸುಮ್ಮನೆ ತಮಾಷೆ ಮಾಡ್ಬೇಡಿ ಎಂದು ಬೆನ್ನಿಗೆ ಒಂದು ಗುದ್ದಿದ. ಕೈ ಹಿಡಿದು ಕೇರಿಗೆ ಎಳೆದುಕೊಂಡು ಹೋದ.

ಅಲ್ಲಿ ನಡೆದದ್ದು ಇಷ್ಟು. ಅಪ್ಪಿಯಕ್ಕನ ನೆರೆಮನೆಯವರು ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದರು. ಮೂರು ಗಂಟೆಗೆ ಸ್ವಲ್ಪ ಮೊದಲು ಗಾಳಿಗೆ ಒಲೆಯ ಕಿಡಿ ಹಾರಿ ಬೈಹುಲ್ಲಿನ ರಾಶಿಗೆ ಬಿತ್ತು, ಅಲ್ಲಿಂದ ಅವರ ಮಾಡಿಗೆ. ಮನೆಯವರು ಹೊರಗೇ ಇದ್ದುದರಿಂದ ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಗಾಳಿ ಅಪ್ಪಿಯಕ್ಕನ ಮನೆಯ ಕಡೆಗೇ ಬೀಸುತ್ತಿತ್ತು, ಒಳಗೆ ಅತ್ತೆ ಮಲಗಿದ್ದರು, ಬಾಗಿಲ ಹತ್ತಿರ ಆಗಲೇ ಝಳ. ಜನ ಕೊಡಪಾನ ಹಿಡಿದು ಬಾವಿಗೆ ಓಡಿದರು. ಯಾರೋ “ಕೊಕ್ಕೆ ಎಲ್ಲಿ?” ಎಂದು ಕೂಗಿದರಂತೆ. ಆಗ ಎಲ್ಲರಿಗೂ ನೆನಪಾಯಿತು, ಕೊಕ್ಕೆಗಳೆಲ್ಲ ಮ್ಯೂಸಿಯಮ್ಮಿನಲ್ಲಿವೆ, ಚೀಟಿ ಕಟ್ಟಿಕೊಂಡು. ಬೀಗದ ಕೈ ತರಲು ಇದಿನಬ್ಬ ನನ್ನ ಮನೆಯ ಕಡೆಗೆ ಓಡಿದ. ಕೇರಿಯ ತಿರುವಿನಲ್ಲಿ ನಾನೇ ಎದುರಿಗೆ ಬಂದೆನಂತೆ, ಪಂಚೆ ಮೇಲೆ ಕಟ್ಟಿ, ಆರೂ ಕೊಕ್ಕೆಗಳನ್ನು ಬಲ ಹೆಗಲ ಮೇಲೆ ಹೊತ್ತು, ಓಡುತ್ತಾ.

ಐದನ್ನು ನಾನು ಇದಿನಬ್ಬ ಮತ್ತು ಉಳಿದವರ ಕೈಗೆ ಹಾಕಿದೆನಂತೆ. ಆರನೆಯದನ್ನು ಯಾರು ಕೈ ಚಾಚಿದರೂ ಕೊಡದೆ, ಅಪ್ಪಿಯಕ್ಕನ ಹತ್ತಿರ ಹೋಗಿ ಅವರ ಕೈಯಲ್ಲೇ ಇಟ್ಟೆನಂತೆ. ಗಂಡ ಹೇಗೆ ಎಳೆಯುತ್ತಿದ್ದರೆಂದು ಹದಿನೈದು ವರ್ಷ ನೋಡಿದ ಹೆಂಗಸು ಆಕೆ. ತಮ್ಮ ಮಾಡಿನ ಮೂಲೆಗೆ ಮೊದಲ ಕೊಕ್ಕೆ ಹಾಕಿದ್ದು ಅವರೇ. ಆರು ಜನ ಸೇರಿ ಆ ಮನೆಯನ್ನು ಬಿದಿರಿನ ಅಸ್ಥಿಪಂಜರ ಮಾಡಿಬಿಟ್ಟರು. ಬೆಂಕಿ ಅಂಗಳದ ಆಚೆಯೇ ನಿಂತುಹೋಯಿತು. ಝಳ ಇಳಿದ ಕೂಡಲೇ ಒಳಗೆ ನುಗ್ಗಿ ಅತ್ತೆಯನ್ನು ಎತ್ತಿ ಹೊರಗೆ ತಂದರು. ಕೇರಿಯ ಉಳಿದ ಮನೆಗಳಿಗೆ ಒಂದು ಕಿಡಿಯೂ ತಾಗಲಿಲ್ಲ.

ನಾನು ಹೋದಾಗ ಅತ್ತೆಯನ್ನು ಹಲಸಿನ ಮರದ ಅಡಿಯಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಜೀವ ಉಳಿದ ಸಂತೋಷಕ್ಕಿಂತ ಎಲೆ ಅಡಿಕೆಯ ಡಬ್ಬಿ ಒಳಗೆ ಉಳಿದ ಸಿಟ್ಟೇ ಅವರಿಗೆ ಹೆಚ್ಚಾಗಿತ್ತು. ಕೊಕ್ಕೆಗಳು ಅಂಗಳದಲ್ಲಿ ಬಿದ್ದಿದ್ದವು. ನಾನು ಬಗ್ಗಿ ನೋಡಿದೆ. ಒದ್ದೆಯಾದ ಚೀಟಿಗಳು, ಶಾಯಿ ಹರಡಿತ್ತು, ಒಂದೆರಡರ ಅಂಚು ಸುಟ್ಟಿತ್ತು. ಅಕ್ಷರ ನನ್ನದೇ. 

ಯಾರೋ ಬೀಗ ಒಡೆದಿದ್ದಾರೆ, ಯಾರನ್ನೋ ನಾನೆಂದು ಗಡಿಬಿಡಿಯಲ್ಲಿ ತಿಳಿದಿದ್ದಾರೆ, ಅಷ್ಟೇ ಇರಬೇಕು ಎಂದುಕೊಂಡು ಗೋದಾಮಿಗೆ ಹೋದೆ. ಬೀಗ ಹಾಕಿದ ಹಾಗೆಯೇ ಇತ್ತು. ಉಡಿದಾರದಿಂದ ಬೀಗದ ಕೈ ಬಿಚ್ಚಿ ತೆರೆದೆ. ಕೊಕ್ಕೆಗಳ ಗೋಡೆ ಖಾಲಿ. ಪಿಚಕಾರಿ, ಜಾಗಟೆ, ಬಾಲ್ದಿ ಇದ್ದಲ್ಲೇ ಇದ್ದವು. ಗೋದಾಮಿಗೆ ಕಿಟಕಿಯಿಲ್ಲ. ಮಾಡಿನ ಹಂಚು ಒಂದೂ ಅಲುಗಿರಲಿಲ್ಲ, ಏಣಿ ತಂದು ಹತ್ತಿ ನೋಡಿದೆ. ಬಾಬು ಆಚಾರಿಯನ್ನು ಕರೆಸಿ ಬೀಗ ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, “ಕೀ ಹಾಕಿ ತೆಗೆದದ್ದು, ಕೀ ಹಾಕಿಯೇ ಮುಚ್ಚಿದ್ದು. ನನ್ನ ಬೀಗ ಬೇರೆ ಯಾರ ಮಾತೂ ಕೇಳುದಿಲ್ಲ” ಅಂದರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಬೇಕಾಗಿದ್ದದ್ದು ಅದಲ್ಲ.

ನಾನು ವೇಣೂರಿನಲ್ಲಿದ್ದೆ ಎಂದು ಆ ಸಂಜೆ ಸಿಕ್ಕವರಿಗೆಲ್ಲ ಹೇಳಿದೆ. ಯಾರೂ ಕೇಳಲಿಲ್ಲ. ಬಂಟ್ವಾಳದಿಂದ ಬಂದ ಜಿನರಾಜಣ್ಣ ಒಂದು ಸಮಾಧಾನ ಹುಡುಕಿದರು: ನಾನು ಬೇಗನೆ ಯಾವುದೋ ಲಾರಿಯಲ್ಲಿ ವಾಪಸು ಬಂದಿದ್ದೇನೆ, ಪಂಪು ಹಿಂದಿನಿಂದ ಬಸ್ಸಿನಲ್ಲಿ ಬಂದಿದೆ, ದೊಡ್ಡಸ್ತಿಕೆ ಬೇಡವೆಂದು ಸುಳ್ಳು ಹೇಳುತ್ತಿದ್ದೇನೆ. ಅವರಿಗೆ ಅದು ಬಹಳ ಹಿಡಿಸಿತು. ನನ್ನ ಮೈಕಟ್ಟು ನೋಡಿದವರಿಗೆ ಗೊತ್ತು, ಆರು ಕೊಕ್ಕೆ ಹೊತ್ತು ಓಡುವುದಿರಲಿ, ಮೂರನ್ನು ಹೊತ್ತು ನಡೆದರೂ ನನ್ನನ್ನೇ ಯಾರಾದರೂ ಹೊರಬೇಕು. ಇದನ್ನು ಹೇಳಿದರೂ, ಆ ಹೊತ್ತಿಗೆ ಶಕ್ತಿ ಬರ್ತದೆ ಮಾಸ್ಟ್ರೆ ಎಂದು ಬಾಯಿ ಮುಚ್ಚಿಸಿದರು. ಇದಿನಬ್ಬನಿಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. “ಎಲ್ಲ ಸರಿ. ಅಷ್ಟು ಹೊತ್ತಲ್ಲಿ ನೀವು ಒಂದು ಮಾತೂ ಆಡ್ಲಿಲ್ಲವಲ್ಲ? ಅದು ಹೇಗೆ ಸಾಧ್ಯ ಆಯ್ತು ನಿಮಗೆ?” ಎಂದು ಕೇಳಿದ. ಉಳಿದವರೆಲ್ಲ ನಕ್ಕರು.

ಮರುದಿನ ಭಾನುವಾರ, ಉದ್ಘಾಟನೆ. ಆದರೆ ಕಟ್ಟಳೆ ಕಟ್ಟಳೆಯೇ. ಬೆಳಿಗ್ಗೆ ಏಳಕ್ಕೆಲ್ಲ ಜನ ಮುಳಿಹುಲ್ಲಿನ ಹೊರೆ ಹೊತ್ತು ಅಪ್ಪಿಯಕ್ಕನ ಅಂಗಳಕ್ಕೆ ಬಂದರು. ಹಂಚಿನ ಮನೆಯವರೂ ಬಂದರು, ಹುಲ್ಲು ಹೊದಿಸಿ ಗೊತ್ತಿಲ್ಲದ ಪೇಟೆಯ ಅಂಗಡಿಯವರೂ ಬಂದು ಹಗ್ಗ ಹಿಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮಾಡು ಸಿದ್ಧವಾಯಿತು. ನನ್ನ ಬಲ ಭುಜ ನೋಯುತ್ತಿತ್ತು. ಬಸ್ಸಿನಿಂದ ಪಂಪು ಇಳಿಸಿ ಹೊತ್ತದ್ದರಿಂದ ಇರಬಹುದು. ಅಂಗಳದಲ್ಲಿ ಇದಿನಬ್ಬ ಕಾಣಲಿಲ್ಲ. ಇಂಥ ಕೆಲಸಕ್ಕೆ ಎಂದೂ ತಪ್ಪಿಸಿಕೊಳ್ಳದವನು ಎಲ್ಲಿ ಹೋದ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಅವನು ಬೆಳಿಗ್ಗೆ ಕತ್ತಲೆಗೇ ಎದ್ದು ಸೈಕಲ್ಲಿನಲ್ಲಿ ವೇಣೂರಿಗೆ ಹೋಗಿದ್ದ. ಎರಡು ಗಂಟೆಗೆ ಬಂದು, ಸೈಕಲ್ಲು ನಿಲ್ಲಿಸಿ, ನನ್ನ ಹತ್ತಿರ ಬಂದು ನಿಂತ. “ಪುಸ್ತಕ ನೋಡಿದೆ” ಅಂದ. ಮುಖದ ಬೆವರು ಒರಸಿಕೊಂಡು, “ಅಜ್ಜರು ಹೇಳಿದ್ರು, ಮೂರು ಗಂಟೆಗೆ ನಿಮಗೆ ಉಸಿರು ಕಟ್ಟಿತ್ತಂತೆ” ಅಂದ.  ಅವನಿಗೆ ಕೊಕ್ಕೆ ಕೊಟ್ಟದ್ದು ಒಂದು ಕೈ. ಆ ಕೈ ಅವನ ಕೈಗೆ ತಾಗಿದೆ. ಅದರ ಬಗ್ಗೆ ಅವನು ನನ್ನಲ್ಲಿ ಆಮೇಲೆ ಎಂದೂ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಗೆಳೆತನಕ್ಕೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ನನ್ನ ಮಾತುಗಾರಿಕೆಯನ್ನು ಅವನು ತಮಾಷೆ ಮಾಡುವುದು ನಿಂತುಹೋಯಿತು, ಅದು ಹೋದದ್ದು ನನಗೆ ಬೇಸರವೇ.

ನಾಲ್ಕು ಗಂಟೆಗೆ ಸಭೆ. ಮಂಗಳೂರಿನಿಂದ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ವಿಷಯ ಕೇಳಿ, ಬಾಗಿಲು ತಾವು ತೆರೆಯುವುದಲ್ಲ, ಅಪ್ಪಿಯಕ್ಕನೇ ತೆರೆಯಲಿ ಎಂದರು. ಆಕೆ ಸೆರಗಿನಲ್ಲಿ ಕೈ ಒರಸಿಕೊಂಡು ಬಂದು ಬಾಗಿಲು ದೂಡಿದರು. ಸುಟ್ಟ ಚೀಟಿಗಳ ಸಮೇತ ಆರು ಕೊಕ್ಕೆಗಳು ಗೋಡೆಗೆ ಒರಗಿ ನಿಂತಿದ್ದವು. ಒಳಗೆ ಹೋದ ಜನ ಚೀಟಿಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಅಂದು ನನಗಾದ ಹೆಮ್ಮೆಯನ್ನು ಹೇಳಲು ಈಗಲೂ ನನ್ನಲ್ಲಿ ಮಾತಿಲ್ಲ. ನಮ್ಮ ಊರು ಎಂಥ ಊರು ಎಂದು ಕಣ್ಣು ತುಂಬಿ ಬಂತು.

ಜಿನರಾಜಣ್ಣ ಭಾಷಣದಲ್ಲಿ ನನ್ನನ್ನು ಹೊಗಳಿ ಹಾರ ಹಾಕಿಸಿದರು. ನಾನು ಎದ್ದು ನಿಂತು, ತಪ್ಪು ನಮ್ಮದು, ಕೊಕ್ಕೆಗಳನ್ನು ಮನೆಗಳಿಂದ ತರುವ ಕಾಲ ಬೇಸಿಗೆ ಅಲ್ಲ, ನಾನು ನಿನ್ನೆ ಅಲ್ಲಿರಲೂ ಇಲ್ಲ, ಈ ಹಾರ ನನಗೆ ಸಲ್ಲುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಜನ ನನ್ನ ವಿನಯಕ್ಕೆ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಇದಿನಬ್ಬ ಒಬ್ಬ ತಟ್ಟಲಿಲ್ಲ.

ಆ ಸಭೆಯಲ್ಲೇ ಒಂದು ನಿಯಮ ಮಾಡಿದೆವು. ಪ್ರತಿ ವರ್ಷ ಶಿವರಾತ್ರಿ ಬಂತೆಂದರೆ ಕೊಕ್ಕೆಗಳು ಅವರವರ ಮನೆಗೆ ಹೋಗಬೇಕು, ಮಳೆ ಹಿಡಿದ ಮೇಲೆ ಮ್ಯೂಸಿಯಮ್ಮಿಗೆ ಬರಬೇಕು. ಬಾಗಿಲಿಗೆ ಬೀಗ ಬೇಡ, ಚಿಲಕ ಸಾಕು. ಬಾಬು ಆಚಾರಿ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ಬೇಸಿಗೆಯಲ್ಲಿ ದೂರದಿಂದ ನೋಡಲು ಬಂದವರು ಖಾಲಿ ಗೋಡೆ ಕಂಡು, ಇದೆಂಥ ಮ್ಯೂಸಿಯಮ್ ಎಂದು ನಗುತ್ತಿದ್ದರು. ಸಾಮಾನು ಕೆಲಸಕ್ಕೆ ಹೋಗಿದೆ ಎಂದು ನಾನು ಹೇಳುತ್ತಿದ್ದೆ. ಎಷ್ಟೋ ದೊಡ್ಡ ಮ್ಯೂಸಿಯಮ್ಮುಗಳನ್ನು ಆಮೇಲೆ ನೋಡಿದ್ದೇನೆ. ಹೀಗೆ ಹೇಳುವ ಭಾಗ್ಯ ಅವುಗಳಲ್ಲಿ ಯಾವುದಕ್ಕೂ ಇರಲಿಲ್ಲ.

ಒಂದು ವಾರ ಬಿಟ್ಟು ನಾನು ಅಪ್ಪಿಯಕ್ಕನ ಮನೆಗೆ ಹೋದೆ. ಊರಿನವರ ಮಾತು ಬಿಡಿ, ಆಕೆಯ ಮಟ್ಟಿಗಾದರೂ ಸುಳ್ಳು ಉಳಿಯಬಾರದು ಎಂದು ನನ್ನ ಮನಸ್ಸು ಕೊರೆಯುತ್ತಿತ್ತು. ಹೊಸ ಹುಲ್ಲಿನ ಮಾಡಿನ ಅಡಿ ಕುಳಿತು ಬೀಡಿ ಕಟ್ಟುತ್ತಿದ್ದರು. ನಾನು ಶುರುವಿನಿಂದ ಎಲ್ಲ ಹೇಳಿದೆ. ನಾನು ಕೊಟ್ಟ ಮಾತನ್ನು ಅಂಗಳ ದಾಟುವ ಮೊದಲೇ ಮರೆತದ್ದು, ವೇಣೂರು, ಪುಸ್ತಕ, ಇದಿನಬ್ಬ ಹೋಗಿ ನೋಡಿ ಬಂದದ್ದು. “ಅಕ್ಕ, ಅವತ್ತು ನಿಮಗೆ ಕೊಕ್ಕೆ ತಂದು ಕೊಟ್ಟದ್ದು ನಾನಲ್ಲ” ಅಂದೆ.

ಅವರು ಎಲೆಗೆ ಹೊಗೆಸೊಪ್ಪು ತುಂಬುವುದನ್ನು ನಿಲ್ಲಿಸಲಿಲ್ಲ. ಬೀಡಿಯ ತುದಿ ಮಡಚಿ ಮೊರಕ್ಕೆ ಹಾಕಿ ಕೇಳಿದರು:

“ತರ್ತೇನೆ ಅಂತ ಹೇಳಿದ್ದು ನೀವಾ, ಅಲ್ಲವಾ?”

“ಹೇಳಿದ್ದು ನಾನೇ.”

“ಮತ್ತೆ?”

ಅಷ್ಟೇ ಹೇಳಿ ಅವರು ಇನ್ನೊಂದು ಎಲೆ ತೆಗೆದುಕೊಂಡರು. ಒಳಗಿಂದ ಅತ್ತೆ, ಮಾಸ್ಟ್ರು ಬಂದಿದ್ದಾರಾ, ಅವರಿಗೆ ಕುಡಿಯಲಿಕ್ಕೆ ಕೊಡು ಎಂದು ಕೂಗಿದರು.

ಈಗ ನನಗೆ ವಯಸ್ಸಾಗಿದೆ. ಲೆಕ್ಕದ ಮಾಸ್ಟರ ಬುದ್ಧಿಯಿಂದ ಇದನ್ನು ನೂರು ಸಲ ಬಿಡಿಸಲು ನೋಡಿದ್ದೇನೆ, ಪ್ರತಿ ಸಲವೂ ಒಂದು ಶೇಷ ಉಳಿಯುತ್ತದೆ. ಆದರೆ ನನ್ನ ಹೆಸರು ಹೇಳಿದರೆ ಊರಿನಲ್ಲಿ ಇವತ್ತಿಗೂ ಜನ ನೆನಪಿಸಿಕೊಳ್ಳುವುದು ನಾನು ಕಲಿಸಿದ ಪಾಠವನ್ನಲ್ಲ, ಬರೆದ ಚೀಟಿಗಳನ್ನಲ್ಲ. ಆ ಮಧ್ಯಾಹ್ನ ಬೆಂಕಿಯ ಎದುರು ಓಡಿ ಬಂದದ್ದನ್ನು. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಅಂತೆ. ಅದು ನಡೆಯುವಾಗ ನಾನು ವೇಣೂರಿನ ಒಂದು ಜಗಲಿಯಲ್ಲಿ ಕುಳಿತಿದ್ದೆ.